ಪೆಟ್ಟಿಗೆಗೆ ಪೂರ್ಣ ಅಂಕ, ಏಣಿಗೆ ಇಲ್ಲ: ಹತ್ತಡಿ ಎತ್ತರದ ಬೇಟೆ ಅಟ್ಟಣೆಯ ವಿಮರ್ಶೆ

ಟೆಕ್ಸಾಸ್‌ನ ಹಿಲ್ ಕಂಟ್ರಿ ಎಂಬ ಗುಡ್ಡಗಾಡು ಸೀಮೆಯಲ್ಲಿ ಜಿಂಕೆ ಬೇಟೆಗೆಂದು ಜಮೀನನ್ನು ಲೀಸಿಗೆ ಹಿಡಿದವರು ಮೊದಲು ಕೊಳ್ಳುವ ದೊಡ್ಡ ವಸ್ತು ಎತ್ತರದ ಬ್ಲೈಂಡ್, ಅಂದರೆ ಬೇಟೆಗಾರರು ಮರೆಯಾಗಿ ಕೂರುವ ತಾಣ. ಉಕ್ಕಿನ ನಾಲ್ಕು ಕಾಲುಗಳ ಅಟ್ಟಣೆ, ಅದರ ಮೇಲೆ ಸುತ್ತಲೂ ಕಿಟಕಿಗಳಿರುವ ಮುಚ್ಚಿದ ಪೆಟ್ಟಿಗೆ, ಒಳಗೆ ಎರಡು ಕುರ್ಚಿ ಹಿಡಿಸುವಷ್ಟು ಜಾಗ; ಇಷ್ಟೇ ಅದರ ಸ್ವರೂಪ. ನಾವು ಕೆಲವು ಗೆಳೆಯರು ಕೂಡಿ ಲ್ಯಾನೋ ಸೀಮೆಯ ಜಮೀನೊಂದರಲ್ಲಿ ನಿಲ್ಲಿಸಿರುವುದು ಹತ್ತಡಿ ಎತ್ತರದ ಅಟ್ಟಣೆಯೂ ಆರಡಿ ಚೌಕದ ಪ್ಲಾಸ್ಟಿಕ್ ಪೆಟ್ಟಿಗೆಯೂ ಸೇರಿದ ಕಿಟ್. ತಯಾರಕರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇದೇ ಅಳತೆಯ, ಇದೇ ಬಗೆಯ ಏಣಿಯ ಕಿಟ್‌ಗಳು ಹಲವು ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ಗುಣದೋಷಗಳೂ ಬಹುಮಟ್ಟಿಗೆ ಒಂದೇ ಆಗಿವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ಕೊಳ್ಳಬಹುದು, ಅಟ್ಟಣೆಯನ್ನು ನೆಲಕ್ಕೆ ಭದ್ರಪಡಿಸುವ ಜವಾಬ್ದಾರಿಯನ್ನು ಕೊಂಡವರೇ ಹೊರಬೇಕು, ಜೊತೆಯಲ್ಲಿ ಬರುವ ಏಣಿಯನ್ನು ಮಾತ್ರ ಬದಲಾಯಿಸಲೇಬೇಕು.

ಪೆಟ್ಟಿಗೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಊರುಗಳ ಮನೆಯ ತಾರಸಿಗಳ ಮೇಲೆ ಕಾಣುವ ಕಪ್ಪು ನೀರಿನ ಟ್ಯಾಂಕ್ ತಯಾರಾಗುವ ವಿಧಾನದಲ್ಲೇ, ಅಂದರೆ ತಿರುಗುವ ಅಚ್ಚಿನೊಳಗೆ ಪಾಲಿಎಥಿಲೀನ್ ಪುಡಿಯನ್ನು ಕರಗಿಸಿ ಇದನ್ನೂ ಮಾಡುತ್ತಾರೆ. ಹೀಗಾಗಿ ಗೋಡೆಗಳಲ್ಲಿ ಬೆಸುಗೆಯಿಲ್ಲ, ಮಳೆನೀರು ಇಳಿಯುವ ಸಂದಿಯಿಲ್ಲ, ಪ್ಲೈವುಡ್ ಪೆಟ್ಟಿಗೆಗಳಂತೆ ಕೆಲವು ಬೇಸಿಗೆ ಕಳೆಯುವುದರೊಳಗೆ ಪದರ ಬಿಚ್ಚಿಕೊಳ್ಳುವ ಭಯವೂ ಇಲ್ಲ. ಕಿಟಕಿಗಳು ಸದ್ದಿಲ್ಲದೆ ತೆರೆಯುತ್ತವೆ. ನೆಲಕ್ಕೆ ಹಾಸಿದ ರಬ್ಬರ್ ಹಾಸು ಬೂಟಿನ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಚಳಿಗೆ ಪ್ರೊಪೇನ್ ಹೀಟರ್ ಇಟ್ಟುಕೊಳ್ಳುವವರು ಎದುರುಬದುರಾದ ಎರಡು ಕಿಟಕಿಗಳನ್ನಾದರೂ ಸ್ವಲ್ಪ ತೆರೆದಿಡಬೇಕು. ಇಷ್ಟು ಬಿಗಿಯಾದ ಪೆಟ್ಟಿಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಖರವಾದರೆ ಅದಕ್ಕೆ ವಾಸನೆಯೂ ಇರುವುದಿಲ್ಲ, ಮುನ್ಸೂಚನೆಯೂ ಇರುವುದಿಲ್ಲ.

ನಿಲ್ಲಿಸುವ ಕೆಲಸದಲ್ಲಿ ಸೂಚನಾ ಪುಸ್ತಿಕೆ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಚೌಕಟ್ಟಿನ ಜೋಡಣೆಯನ್ನು ಚಿತ್ರಗಳ ಮೂಲಕ ಸ್ಪಷ್ಟವಾಗಿಯೇ ತೋರಿಸಿದ್ದಾರೆ. ಆದರೆ ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಕೂರಿಸಿ, ನಾಲ್ಕೂ ಬದಿ ಚೌಕಕ್ಕೆ ಬಂದ ಮೇಲೆ ಬಿಗಿ ಮಾಡಬೇಕೆಂಬ ಮಾತನ್ನು ಕೊನೆಯ ಪುಟದ ಸಣ್ಣ ಅಕ್ಷರಗಳಿಗೆ ತಳ್ಳಿದ್ದಾರೆ. ಒಂದೊಂದನ್ನೇ ಪೂರ್ತಿ ಬಿಗಿಯುತ್ತ ಹೋದರೆ ಕೊನೆಯ ಅಡ್ಡಪಟ್ಟಿಯ ರಂಧ್ರ ಹೊಂದುವುದಿಲ್ಲ. ಆಗ ಸುತ್ತಿಗೆಯಿಂದ ಬಡಿದು ಕೂರಿಸಿದ ಬೋಲ್ಟು ಅಟ್ಟಣೆಯ ಆಯಸ್ಸನ್ನು ಕಡಿಮೆ ಮಾಡುತ್ತದೆ. ಇಡೀ ಅಟ್ಟಣೆಯನ್ನು ನೆಲದ ಮೇಲೆ ಮಲಗಿಸಿ, ಪೆಟ್ಟಿಗೆಯನ್ನೂ ಅಲ್ಲೇ ಜೋಡಿಸಿ, ಟ್ರ್ಯಾಕ್ಟರಿನಿಂದ ಎಳೆದು ಎತ್ತಿ ನಿಲ್ಲಿಸುವುದು ಇಲ್ಲಿನ ರೂಢಿ. ಹಾಗೆ ಮಾಡುವಾಗ ನೆಲದಲ್ಲಿ ಉಳಿಯುವ ಎರಡು ಕಾಲುಗಳು ಜಾರದಂತೆ ಗೂಟಗಳಿಗೆ ಒತ್ತುಕೊಟ್ಟಿರಬೇಕು, ಜೊತೆಗೆ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಇನ್ನೊಂದು ಹಗ್ಗವನ್ನು ಹಿಡಿದಿರಬೇಕು. ಇಲ್ಲವಾದರೆ ಅಟ್ಟಣೆ ನೆಟ್ಟಗಾದ ಕ್ಷಣದಲ್ಲಿ ನಿಲ್ಲದೆ ಟ್ರ್ಯಾಕ್ಟರಿನ ಕಡೆಗೇ ಮುಗ್ಗರಿಸುತ್ತದೆ. ಈ ಎರಡನೆಯ ಹಗ್ಗದ ಪ್ರಸ್ತಾಪವೇ ಪುಸ್ತಿಕೆಯಲ್ಲಿಲ್ಲ.

ಕಿಟ್‌ನೊಂದಿಗೆ ಬರುವ ನೆಲದ ಗೂಟಗಳ ಬಗ್ಗೆ ನನಗೆ ನಿಜವಾದ ಅಸಮಾಧಾನವಿದೆ. ತಿರುಪಿನಂತೆ ನೆಲದೊಳಗೆ ಇಳಿಯುವ ಈ ಗೂಟಗಳನ್ನು ಮೆದು ಮಣ್ಣಿನ ಸೀಮೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರಬೇಕು. ಲ್ಯಾನೋ ಸುತ್ತಮುತ್ತ ಗೇಣುದ್ದ ಅಗೆದರೆ ಗ್ರಾನೈಟಿನ ಜಲ್ಲಿ, ಅದರ ಕೆಳಗೆ ಬಂಡೆ. ಸ್ವಲ್ಪ ದಕ್ಷಿಣಕ್ಕೆ ಹೋದರೆ ಸುಣ್ಣಕಲ್ಲು. ಅಂಥ ನೆಲದಲ್ಲಿ ತಿರುಪು ಅರ್ಧಕ್ಕೇ ನಿಂತುಬಿಡುತ್ತದೆ, ಅರ್ಧ ಇಳಿದ ಗೂಟ ಇದ್ದೂ ಇಲ್ಲದಂತೆ. ಬಂಡೆಗೆ ರಂಧ್ರ ಕೊರೆದು ಹಿಗ್ಗುವ ಬೋಲ್ಟು ಹಾಕುವುದು, ಅದು ಸಾಧ್ಯವಿಲ್ಲದ ಕಡೆ ಬೇಲಿಗೆ ಬಳಸುವ ಉಕ್ಕಿನ ಟಿ-ಕಂಬಗಳನ್ನು ಆಳಕ್ಕೆ ಬಡಿಯುವುದು, ಎರಡೂ ಇದಕ್ಕಿಂತ ಮೇಲು. ನಾಲ್ಕು ಮೂಲೆಗಳಿಂದ ಎಳೆತಂತಿ ಕಟ್ಟಿ, ತಂತಿ ಬಿಗಿಸುವ ತಿರುಪಾದ ಟರ್ನ್‌ಬಕಲ್‌ನಿಂದ ಸಮನಾಗಿ ಬಿಗಿದು, ಕತ್ತಲಲ್ಲಿ ಯಾರೂ ಎಡವದಂತೆ ಆ ತಂತಿಗಳಿಗೆ ಬಣ್ಣದ ಪಟ್ಟಿ ಸುತ್ತಬೇಕು. ನವೆಂಬರಿನಲ್ಲಿ ಉತ್ತರದ ಶೀತಗಾಳಿ ಒಮ್ಮೆಲೇ ನುಗ್ಗಿ ಬಂದಾಗ ಆರಡಿ ಚೌಕದ ಈ ಗೋಡೆ ಹಾಯಿಯಾಗಿಬಿಡುತ್ತದೆ. ಮೇಲೆ ಯಾರೂ ಕುಳಿತಿರದ ದಿನವೇ ಅಟ್ಟಣೆ ಹಗುರವಾಗಿದ್ದು ಉರುಳುವ ಸಂಭವ ಹೆಚ್ಚು. ಕಾಲುಗಳ ಕೆಳಗೆ ಅಗಲವಾದ ಕಾಂಕ್ರೀಟ್ ಬಿಲ್ಲೆಗಳನ್ನಿಟ್ಟು ರಸಮಟ್ಟದಿಂದ ನೋಡಿಕೊಂಡರೆ ಮಳೆಯ ನಂತರ ಒಂದು ಕಾಲು ಕುಸಿಯುವುದು ತಪ್ಪುತ್ತದೆ. ಜಮೀನಿನಲ್ಲಿ ದನಗಳಿದ್ದರೆ ಅಟ್ಟಣೆಯ ಸುತ್ತ ಬೇಲಿಯೂ ಬೇಕು, ಏಕೆಂದರೆ ಅವು ಮೈ ತುರಿಸಿಕೊಳ್ಳಲು ಮರಕ್ಕಿಂತ ಉಕ್ಕಿನ ಕಾಲನ್ನೇ ಹುಡುಕಿಕೊಂಡು ಬರುತ್ತವೆ.

ಜಾಗದ ಆಯ್ಕೆಯಲ್ಲಿ ಗಾಳಿ ಮತ್ತು ಬಿಸಿಲು ಎರಡನ್ನೂ ನೋಡಬೇಕು. ಚಳಿಗಾಳಿ ಉತ್ತರದಿಂದ ಬರುತ್ತದೆ, ಉಳಿದ ದಿನಗಳಲ್ಲಿ ದಕ್ಷಿಣದ್ದೇ ಹೆಚ್ಚು. ಆ ಗಾಳಿ ಬೇಟೆಗಾರರ ವಾಸನೆಯನ್ನು ಜಿಂಕೆಗಳತ್ತ ಒಯ್ಯದಿರಲೆಂದು, ಜಿಂಕೆಗಳಿಗೆ ಮೆಕ್ಕೆಜೋಳ ಉದುರಿಸುವ ಫೀಡರ್‌ನ ಪಶ್ಚಿಮಕ್ಕೋ ಪೂರ್ವಕ್ಕೋ ಬ್ಲೈಂಡ್ ಇರುವುದು ವಾಸಿ. ಸಂಜೆ ಕೂರುವವರು ಪಶ್ಚಿಮವನ್ನೂ ಮುಂಜಾನೆ ಕೂರುವವರು ಪೂರ್ವವನ್ನೂ ಆರಿಸಿಕೊಂಡರೆ ಸೂರ್ಯ ಬೆನ್ನ ಹಿಂದೆ ಉಳಿಯುತ್ತಾನೆ. ಎತ್ತರದಿಂದ ಹೊಡೆದ ಗುಂಡು ಕೆಳಮುಖವಾಗಿ ಸಾಗಿ ನೆಲವನ್ನೇ ಸೇರುತ್ತದೆ ಎಂಬುದು ಎತ್ತರದ ಬ್ಲೈಂಡಿನ ದೊಡ್ಡ ಲಾಭ, ಆದರೆ ಗುರಿಯ ಹಿಂದೆ ಇಳಿಜಾರಿದ್ದು ಅದರಾಚೆ ದಾರಿಯೋ ಮನೆಯೋ ಇದ್ದರೆ ಈ ಲಾಭವನ್ನು ನಂಬಿ ಕೂರುವಂತಿಲ್ಲ.

ಇನ್ನು ಏಣಿ. ಅಟ್ಟಣೆಯಿಂದ ಬೀಳುವವರಲ್ಲಿ ಬಹಳಷ್ಟು ಜನ ಬೀಳುವುದು ಹತ್ತುವಾಗ, ಇಳಿಯುವಾಗ, ಅದರಲ್ಲೂ ಏಣಿಯಿಂದ ಮೇಲಿನ ನೆಲಕ್ಕೆ ಕಾಲು ದಾಟಿಸುವ ಹೊತ್ತಿನಲ್ಲಿ. ಬೇಟೆಯ ಸುರಕ್ಷತೆ ಕಲಿಸುವವರೆಲ್ಲ ಒತ್ತಿ ಹೇಳುವ ಮಾತಿದು. ಈ ಕಿಟ್‌ನ ತಯಾರಕರು ಹಣ ಉಳಿಸಿರುವುದೂ ಸರಿಯಾಗಿ ಅದೇ ಜಾಗದಲ್ಲಿ. ಏಣಿ ಹೆಚ್ಚುಕಡಿಮೆ ನೆಟ್ಟಗಿದೆ; ಮೆಟ್ಟುಗಳು ಬೆರಳು ಗಾತ್ರದ ದುಂಡು ಕೊಳವೆಗಳು, ಅವುಗಳ ಮೇಲೆ ಹೊಳಪಿನ ಬಣ್ಣ. ಡಿಸೆಂಬರಿನ ಮುಂಜಾವದಲ್ಲಿ ಇಬ್ಬನಿ ಹೆಪ್ಪುಗಟ್ಟಿದಾಗ ಅವುಗಳ ಮೇಲೆ ಬೂಟು ನಿಲ್ಲುವುದೇ ಇಲ್ಲ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಏಣಿಯ ಎರಡು ಬದಿಗಳೂ ಬಾಗಿಲ ಹೊಸ್ತಿಲ ಮಟ್ಟಕ್ಕೇ ಮುಗಿದುಬಿಡುತ್ತವೆ. ಅಮೆರಿಕದ ಕೆಲಸದ ಸ್ಥಳಗಳ ಸುರಕ್ಷಾ ನಿಯಮಗಳ ಪ್ರಕಾರ ಮೇಲಿನ ಮಟ್ಟಕ್ಕೆ ಒಯ್ಯುವ ಒರಗೇಣಿಯ ಬದಿಗಳು ಆ ಮಟ್ಟಕ್ಕಿಂತ ಮೂರಡಿಯಾದರೂ ಮೇಲಕ್ಕೆ ಚಾಚಿರಬೇಕು, ದಾಟುವವರ ಕೈಗೆ ಆಧಾರ ಸಿಗಲೆಂಬುದೇ ಅದರ ಉದ್ದೇಶ. ಆ ನಿಯಮ ಖಾಸಗಿ ಬೇಟೆಗಾರರಿಗೆ ಅನ್ವಯಿಸುವುದಿಲ್ಲವಾದರೂ ಕೊಳ್ಳುವವರಿಗೆ ಅದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಇಲ್ಲಿ ಕೈಗೆ ಸಿಗುವುದು ಬಾಗಿಲ ಹಿಡಿ ಮಾತ್ರ. ಆ ಬಾಗಿಲೂ ಹೊರಕ್ಕೆ ತೆರೆಯುತ್ತದೆ. ಅಂದರೆ ಕೊನೆಯ ಮೆಟ್ಟಿನ ಮೇಲೆ ನಿಂತವರು ಒಂದು ಕೈಯಿಂದ ಬಾಗಿಲನ್ನು ತಮ್ಮತ್ತ ಎಳೆದುಕೊಳ್ಳುತ್ತ ಹಿಂದಕ್ಕೆ ವಾಲಬೇಕು. ಹತ್ತಡಿ ಎತ್ತರದಲ್ಲಿ, ಕತ್ತಲಲ್ಲಿ, ದಪ್ಪ ಕೋಟು ತೊಟ್ಟವರಿಂದ ಇದನ್ನು ನಿರೀಕ್ಷಿಸುವ ವಿನ್ಯಾಸವನ್ನು ಒಪ್ಪಿದವರು ಸ್ವತಃ ಅದನ್ನು ಹತ್ತಿ ನೋಡಿದ್ದಾರೆಯೇ ಎಂಬ ಸಂಶಯ ನನಗೆ ಉಳಿದೇ ಇದೆ.

ಪರಿಹಾರ ಮಾರುಕಟ್ಟೆಯಲ್ಲೇ ಸಿಗುತ್ತದೆ. ಇಂಥ ಅಟ್ಟಣೆಗಳಿಗೆ ಹೊಂದುವ, ಓರೆಯಾಗಿ ಇಳಿಯುವ, ಎರಡೂ ಕಡೆ ಕೈ ಹಿಡಿಯುವ ಕಂಬಿಯಿರುವ ಉಕ್ಕಿನ ಮೆಟ್ಟಿಲುಗಳನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಮೆಟ್ಟಿಲು ಚಪ್ಪಟೆಯಾಗಿದ್ದು ಜಾಲರಿ ತಗಡಿನದಾಗಿದ್ದರೆ ಕೆಸರು ಕೆಳಕ್ಕೆ ಬೀಳುತ್ತದೆ, ನೀರೂ ನಿಲ್ಲುವುದಿಲ್ಲ. ಬಾಗಿಲ ಮುಂದೆ ಒಬ್ಬರು ನಿಂತು ಬಾಗಿಲನ್ನು ಪೂರ್ತಿ ತೆರೆಯಲು ಸಾಕಾಗುವಷ್ಟು ಚಿಕ್ಕ ಜಗುಲಿ ಇರಬೇಕು, ಅದರ ಸುತ್ತ ಸೊಂಟದೆತ್ತರದ ಕಂಬಿ ಇರಬೇಕು. ಜಗುಲಿಯನ್ನು ಮರದಿಂದ ಕಟ್ಟಿಕೊಳ್ಳುವವರು ನೆಲದ ತೇವ ತಾಳುವ ಸಂಸ್ಕರಿತ ಮರವನ್ನೂ, ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಬೋಲ್ಟುಗಳನ್ನೂ ಬಳಸಬೇಕು. ಈಗಿನ ಸಂಸ್ಕರಿತ ಮರದಲ್ಲಿರುವ ತಾಮ್ರದ ಅಂಶ ಸಾಧಾರಣ ಮೊಳೆಗಳನ್ನು ಬೇಗ ತಿಂದುಹಾಕುತ್ತದೆ. ಪೆಟ್ಟಿಗೆಯ ಬೆಲೆಗೆ ಹೋಲಿಸಿದರೆ ಮೆಟ್ಟಿಲಿನ ಖರ್ಚು ಚಿಕ್ಕದು. ಹಣ ಸಾಲದಿದ್ದರೆ ಹತ್ತಡಿಯ ಬದಲು ಐದಡಿಯ ಅಟ್ಟಣೆ ಕೊಂಡು ಉಳಿದುದನ್ನು ಮೆಟ್ಟಿಲಿಗೆ ಹಾಕಿ ಎಂಬುದು ನನ್ನ ಸಲಹೆ. ಈ ಗುಡ್ಡಗಾಡಿನಲ್ಲಿ ದಿಣ್ಣೆಯ ಮೇಲಿನ ಐದಡಿಗೂ ಧಾರಾಳವಾದ ನೋಟವಿದೆ.

ಮೂಲ ಏಣಿಯನ್ನೇ ಇಟ್ಟುಕೊಳ್ಳುವವರು ಇಡೀ ಮೈಗೆ ತೊಡುವ ಹಾರ್ನೆಸ್ ಇಲ್ಲದೆ ಹತ್ತಬಾರದು. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಪಟ್ಟಿ ಬಿದ್ದವರ ಉಸಿರನ್ನೇ ಕಟ್ಟಿಸಬಲ್ಲದಾದ್ದರಿಂದ ಅದನ್ನು ಈಗ ಯಾರೂ ಶಿಫಾರಸು ಮಾಡುವುದಿಲ್ಲ. ಜೀವರಕ್ಷಕ ಹಗ್ಗವನ್ನು ಪೆಟ್ಟಿಗೆಯ ಪ್ಲಾಸ್ಟಿಕ್ಕಿಗೆ ಕಟ್ಟಿದರೆ ಕಟ್ಟದಂತೆಯೇ. ತಂತಿಯಿಂದ ನಾಲ್ಕೂ ಕಡೆ ಬಿಗಿದಿರುವ ಅಟ್ಟಣೆಯ ಉಕ್ಕಿನ ಚೌಕಟ್ಟಿಗೇ ಅದು ಸೇರಿರಬೇಕು. ಎರಡು ಕೈ, ಎರಡು ಕಾಲುಗಳಲ್ಲಿ ಮೂರು ಸದಾ ಏಣಿಯ ಮೇಲಿರಬೇಕು ಎಂದ ಮೇಲೆ ಕೋವಿ, ಚೀಲ, ಕಾಫಿಯ ಫ್ಲಾಸ್ಕು ಯಾವುದೂ ಕೈಯಲ್ಲಿರುವಂತಿಲ್ಲ. ತೋಟಾಗಳನ್ನೆಲ್ಲ ತೆಗೆದು, ಚೇಂಬರ್ ತೆರೆದು ಖಾಲಿಯೆಂದು ನೋಡಿ, ನಳಿಗೆಯ ಬಾಯಿ ನೆಲದ ಕಡೆಗಿರುವಂತೆ ಕೋವಿಯನ್ನು ಹಗ್ಗಕ್ಕೆ ಕಟ್ಟಿಟ್ಟು, ಮೇಲೆ ಹೋಗಿ ಕುಳಿತ ನಂತರ ಎಳೆದುಕೊಳ್ಳಬೇಕು; ಇಳಿಯುವಾಗ ಇದೇ ಕ್ರಮ ತಿರುಗುಮುರುಗು. ಕಿಟ್‌ನಲ್ಲಿ ಈ ಹಗ್ಗಕ್ಕೊಂದು ಕೊಕ್ಕೆಯನ್ನು ಕಿಟಕಿಯ ಕೆಳಗೆ, ಏಣಿಯಿಲ್ಲದ ಬದಿಯಲ್ಲಿ ಇಟ್ಟಿರುವುದು ಜಾಣತನ, ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಬೇಸಿಗೆಯಿಡೀ ಮುಚ್ಚಿಟ್ಟ ಪೆಟ್ಟಿಗೆಯೊಳಗೆ ಕೆಂಪು ಕಣಜಗಳು ಗೂಡು ಕಟ್ಟಿರುತ್ತವೆ. ಮೊದಲ ಸಲ ಹತ್ತುವ ಮುನ್ನ ಉದ್ದನೆಯ ಕೋಲಿನಿಂದ ಪೆಟ್ಟಿಗೆಯ ತಳವನ್ನು ತಟ್ಟಿ ಸ್ವಲ್ಪ ಹೊತ್ತು ದೂರ ನಿಲ್ಲುವುದು ಒಳ್ಳೆಯದು, ಏಕೆಂದರೆ ಏಣಿಯ ತುದಿಯಲ್ಲಿ ಬಾಗಿಲು ತೆರೆದವರ ಮುಖಕ್ಕೆ ಕಣಜ ಎರಗಿದರೆ ಮೂರು ಆಧಾರಗಳ ನಿಯಮ ಯಾರಿಗೂ ನೆನಪಿರುವುದಿಲ್ಲ. ಕಿಟಕಿಗಳ ಗಾಳಿಕಂಡಿಗೆ ಸಣ್ಣ ಜಾಲರಿ ಹಾಕಿ ಕೊಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈಗ ಇಂಥ ಬೇಟೆಗೆ ಅವಕಾಶವಿಲ್ಲದಿರುವುದರಿಂದ ಈ ಬರಹ ಮುಖ್ಯವಾಗಿ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ. ಟೆಕ್ಸಾಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಶಿಕ್ಷಣ ತರಗತಿ ಮುಗಿಸಿರಬೇಕೆಂಬುದು ನಿಯಮ. ಹತ್ತುವ, ಇಳಿಯುವ ಪಾಠ ಅದರಲ್ಲೂ ಇರುತ್ತದೆ. ವೀಸಾದ ಮೇಲಿರುವವರಿಗೆ ಕೋವಿ ಹಿಡಿಯುವ ವಿಷಯದಲ್ಲಿ ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ಪ್ರತ್ಯೇಕ ನಿರ್ಬಂಧಗಳಿವೆ, ವಕೀಲರನ್ನು ಕೇಳದೆ ಮುಂದುವರಿಯಬಾರದು. ಕ್ಯಾಮೆರಾ ಹಿಡಿದು ಕೂರುವವರಿಗೆ ಆ ತೊಡಕಿಲ್ಲ, ನಮ್ಮಲ್ಲೂ ಒಬ್ಬರು ಅದಕ್ಕಾಗಿಯೇ ಬರುತ್ತಾರೆ. ಏಣಿಯ ಬಗ್ಗೆ ಎಲ್ಲರಿಗಿಂತ ಹೆಚ್ಚು ದೂರು ಅವರದೇ.

ಲೀಸಿನ ಜಮೀನು ಮುಂದಿನ ವರ್ಷವೂ ಸಿಗುತ್ತದೆಂಬ ಖಾತರಿಯಿಲ್ಲದವರಿಗೆ ಕೊನೆಯ ಒಂದು ಸಂಗತಿ: ಪೆಟ್ಟಿಗೆ, ಅಟ್ಟಣೆ, ಮೆಟ್ಟಿಲು ಮೂರೂ ಬೇರೆ ಬೇರೆಯಾಗಿ ಬಿಚ್ಚಿಕೊಂಡು ಸಾಧಾರಣ ಟ್ರೈಲರಿನಲ್ಲಿ ಹೋಗುತ್ತವೆ, ಆದರೆ ಬಂಡೆಗೆ ಹಾಕಿದ ಬೋಲ್ಟುಗಳು ಅಲ್ಲೇ ಉಳಿಯುತ್ತವೆ. ಕೊರೆಯುವ ಮುನ್ನ ಜಮೀನಿನ ಒಡೆಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.