ಜಿಲ್ಲಾಸ್ಪತ್ರೆಯ ಐಸಿಟಿಸಿ: ಸೇವೆ ಉತ್ತಮ, ಹೊರಗಿನ ಬೆಂಚಿನದೇ ತೊಂದರೆ

ನಮ್ಮ ಜಿಲ್ಲಾಸ್ಪತ್ರೆಯ ಐಸಿಟಿಸಿಗೆ, ಅಂದರೆ ಎಚ್‌ಐವಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಯಾವ ವೈದ್ಯರ ಚೀಟಿಯೂ ಇಲ್ಲದೆ ನಾನಾಗಿಯೇ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ಶುಲ್ಕವಿಲ್ಲ. ಆಪ್ತ ಸಮಾಲೋಚಕಿ ಬಾಗಿಲು ಮುಚ್ಚಿಕೊಂಡು ಕಾಲು ಗಂಟೆ ಸಮಾಧಾನದಿಂದ ಮಾತನಾಡಿದರು. ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಯಲ್ಲಿ ಅದು ಕಾಣದೇ ಹೋಗಬಹುದಾದ್ದರಿಂದ ಮೂರು ತಿಂಗಳ ಬಳಿಕ ಮತ್ತೊಮ್ಮೆ ಬರಬೇಕೆಂದೂ, ಮೊದಲ ಕಿಟ್‌ನಲ್ಲಿ ಸೋಂಕಿನ ಸೂಚನೆ ಕಂಡರೆ ಬೇರೆ ಎರಡು ಕಿಟ್‌ಗಳಲ್ಲಿ ಪರೀಕ್ಷಿಸಿದ ಮೇಲೆಯೇ ಖಚಿತಪಡಿಸುವರೆಂದೂ ವಿವರಿಸಿ ಒಪ್ಪಿಗೆ ಪಡೆದರು. ರಕ್ತದ ಟ್ಯೂಬಿನ ಮೇಲೆ ಹೆಸರಿರಲಿಲ್ಲ, ಸಂಖ್ಯೆಯಷ್ಟೇ ಇತ್ತು. ಗಂಟೆಯೊಳಗೆ ವರದಿಯೂ ಕೈಸೇರಿತು.

ಇಷ್ಟು ಜತನದ ಗುಟ್ಟು ಬಾಗಿಲ ಹೊರಗೆ ಉಳಿಯಲಿಲ್ಲ. ಎಕ್ಸ್‌ರೇಗೆ ಕಾಯುವವರೂ ನಾವೂ ಒಂದೇ ಬೆಂಚಿನಲ್ಲಿ ಕುಳಿತಿದ್ದಾಗ ಸಿಬ್ಬಂದಿಯೊಬ್ಬರು ನನ್ನ ಹೆಸರನ್ನೇ ಗಟ್ಟಿಯಾಗಿ ಕೂಗಿದರು. ಪಕ್ಕದಲ್ಲಿದ್ದ ಹುಡುಗ ತನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಎದ್ದು ಹೋದ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಗೌಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಆ ಹಕ್ಕು ಬೆಂಚಿನವರೆಗೂ ಬರಬೇಡವೇ?

ಒಳಗಿನ ಗೋಡೆಯ ಮೇಲೆ ಸಮಾಲೋಚಕಿಯೇ ಸ್ಕೆಚ್ ಪೆನ್ನಿನಲ್ಲಿ ಬರೆದ ನಕ್ಷೆಯಿದೆ. ಪರೀಕ್ಷೆಗೊಳಗಾದವರಲ್ಲಿ ಸೋಂಕಿತರ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿದಿರುವುದನ್ನು ಅದು ತೋರಿಸುತ್ತದೆ. ಗರ್ಭಿಣಿಯರನ್ನು ಬೇರೆ ಬಣ್ಣದಲ್ಲಿ ತೋರಿಸಿರುವುದು ನನಗೆ ಬಹಳ ಮೆಚ್ಚುಗೆಯಾಯಿತು, ಏಕೆಂದರೆ ವಾಡಿಕೆಯ ತಪಾಸಣೆಗೆ ಬರುವ ಗರ್ಭಿಣಿಯರ ಸಂಖ್ಯೆ ಹೆಚ್ಚಿದಷ್ಟೂ ಒಟ್ಟು ಶೇಕಡಾವಾರು ತಾನಾಗಿಯೇ ತಗ್ಗಿ ಕಾಣುತ್ತದೆ. 2021ರ ಅಂದಾಜಿನಂತೆ ಕರ್ನಾಟಕದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಸುಮಾರು ಶೇ 0.46, ದೇಶದಲ್ಲಿ ಶೇ 0.21. ಅನುಮಾನ ಕಾಡಿ ತಾವಾಗಿಯೇ ಬರುವವರಲ್ಲಿ ಅದು ಹೆಚ್ಚಿರುವುದು ಸಹಜ. ಆ ಅಂಕಿಯನ್ನು ಇಡೀ ಊರಿಗೆ ಅನ್ವಯಿಸಬಾರದು, ಅದು ಇಳಿಯಿತೆಂದು ನಿಶ್ಚಿಂತರಾಗಲೂ ಬಾರದು. ಹೆಚ್ಚು ಅಪಾಯವಿದ್ದವರೇ ನಾಚಿಕೆಗೆ ಅಂಜಿ ದೂರ ಉಳಿದರೂ ನಕ್ಷೆಯ ಗೆರೆ ಇಳಿಯುತ್ತದೆ. ಎದ್ದು ಹೋದ ಆ ಹುಡುಗ ಅದರ ಯಾವ ಬಣ್ಣದಲ್ಲೂ ಇಲ್ಲ.

ಈ ಮಾತನ್ನೇ ಸಲಹಾ ಪುಸ್ತಕದಲ್ಲಿ ಬರೆದು ಬಂದಿದ್ದೆ. ಮೂರು ತಿಂಗಳ ಬಳಿಕ ಹೋದಾಗಲೂ ಬೆಂಚು ಅಲ್ಲೇ ಇತ್ತು. ಕೂಗಿದ್ದು ಮಾತ್ರ ಸಂಖ್ಯೆಯನ್ನು. ನೀವೂ ಹೋಗಿ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯದಿದ್ದರೆ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.