ಚರ್ಚಿಲ್ ತಾತನನ್ನು ಸಹಿಸಿಕೊಂಡರೆ ‘ಇನ್ವೇಡರ್ಸ್’ ಓದಬಹುದು

‘ಇನ್ವೇಡರ್ಸ್’ ಅಂದರೆ ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಜೊತೆ ಹೊಡೆದಾಡುವ ಸೂಪರ್‌ಹೀರೋ ತಂಡದ ಮಾರ್ವೆಲ್ ಕಾಮಿಕ್ಸ್ ಸರಣಿ. ಇದನ್ನು ಓದುವಾಗ ನನಗೆ ಹಿಟ್ಲರ್‌ಗಿಂತ ಜಾಸ್ತಿ ಕಿರಿಕಿರಿ ಮಾಡುವವನು ಚರ್ಚಿಲ್. ಹಿಟ್ಲರ್ ಹೇಗೂ ವಿಲನ್, ಕಿರುಚುತ್ತಾನೆ, ಒದೆ ತಿನ್ನುತ್ತಾನೆ, ಮುಗೀತು. ಚರ್ಚಿಲ್ ಮಾತ್ರ ಬಾಯಲ್ಲಿ ಸಿಗಾರ್ ಇಟ್ಟುಕೊಂಡು ಎಲ್ಲರ ಬೆನ್ನು ತಟ್ಟುವ ಒಳ್ಳೇ ತಾತ. ತಂಡಕ್ಕೆ ‘ಇನ್ವೇಡರ್ಸ್’ ಅಂತ ಹೆಸರು ಇಡುವವನೂ ಅವನೇ. 1941ರ ಡಿಸೆಂಬರ್‌ನಲ್ಲಿ ಅವನು ಅಮೆರಿಕಕ್ಕೆ ಹೋಗಿದ್ದು ನಿಜವಾದ ಇತಿಹಾಸ. ಅದಕ್ಕೆ ಮಾಸ್ಟರ್ ಮ್ಯಾನ್ ಅನ್ನುವ ನಾಜಿ ದೈತ್ಯನನ್ನು ಸೇರಿಸಿ, ಅವನ ಕೈಯಿಂದ ಚರ್ಚಿಲ್‌ನನ್ನು ಉಳಿಸುವ ಕಥೆ ಮಾಡಿದ್ದಾರೆ. ಶುರುವಾಗುವುದೇ ಅಲ್ಲಿಂದ.

ಸರಣಿ 1975ರಿಂದ 1979ರವರೆಗೆ ಬಂತು, ಒಟ್ಟು 41 ಸಂಚಿಕೆ. ನನ್ನ ಹತ್ತಿರ ಇರುವುದು ಅವನ್ನೆಲ್ಲ ಒಟ್ಟುಗೂಡಿಸಿದ ಎರಡು ದಪ್ಪ ಸಂಪುಟ. ಹೊಸದಾಗಿ ಕೊಳ್ಳಲು ಧೈರ್ಯ ಬರಲಿಲ್ಲ, ಆ ದುಡ್ಡಿಗೆ ಮನೆಗೆ ಒಂದು ತಿಂಗಳ ತರಕಾರಿ ಬರುತ್ತದೆ. ಒಂದೊಂದನ್ನೇ ಹಳೆ ಪುಸ್ತಕದ ಅಂಗಡಿಯಲ್ಲಿ ಹಿಡಿದೆ. ಎರಡಕ್ಕೂ ಶಾಲೆ ಪುಸ್ತಕಕ್ಕೆ ಹಾಕುವ ಹಾಗೆ ಕಾಕಿ ಬೈಂಡು ಹಾಕಿ, ಮೇಲೆ ಲೇಬಲ್ ಅಂಟಿಸಿದ್ದೇನೆ. ಊಟ ಆದ ಮೇಲೆ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪುಸ್ತಕ, ರಾತ್ರಿಗೆ ಒಂದೇ ಸಂಚಿಕೆ. ಆ ಕಾಲದ ಸಂಚಿಕೆ ಚಿಕ್ಕದು, ನಿದ್ದೆ ಬರುವಷ್ಟರಲ್ಲಿ ಮುಗಿಯುತ್ತದೆ, ಕೊನೆ ಪುಟದಲ್ಲಿ ಯಾರೋ ಒಬ್ಬರು ಸಾಯುವ ಸ್ಥಿತಿಯಲ್ಲಿ ಇದ್ದೇ ಇರುತ್ತಾರೆ. ಒಟ್ಟಿಗೆ ಕೂತು ಓದಿದರೆ ಬೇಜಾರಾಗುತ್ತದೆ, ಹೀಗೆ ಓದಿದರೆ ಮಜಾ.

ಮಗಳೂ ಪಕ್ಕದಲ್ಲಿ ಕೂರುತ್ತಾಳೆ. ಅವಳಿಗೆ ನೇಮರ್ ಇಷ್ಟ, ಯಾಕೆಂದರೆ ಅವನು ಯಾವಾಗಲೂ ಸಿಡುಕುತ್ತಾನೆ. ಸಮುದ್ರದ ರಾಜ, ಮೇಲಿನವರ ಯುದ್ಧ ನನಗ್ಯಾಕೆ ಅನ್ನುವ ಧಾಟಿ, ಆದರೂ ಹೊಡೆದಾಟಕ್ಕೆ ಮೊದಲು ಹಾರುವವನು ಅವನೇ. ತಂಡದಲ್ಲೇ ಇರುವ, ಮೈಗೆ ಬೆಂಕಿ ಹೊತ್ತಿಸಿಕೊಳ್ಳುವ ಹ್ಯೂಮನ್ ಟಾರ್ಚ್ ಜೊತೆ ಜಗಳ ತಪ್ಪಿದ್ದಲ್ಲ. ಇವರಿಬ್ಬರದು 1940ರ ಕಾಮಿಕ್ಸ್‌ನಿಂದ ಬಂದ ಹಳೇ ಜಗಳ. ಈ ಟಾರ್ಚ್ ಫೆಂಟಾಸ್ಟಿಕ್ ಫೋರ್ ಅನ್ನುವ ಇನ್ನೊಂದು ಮಾರ್ವೆಲ್ ತಂಡದ ಹುಡುಗನಲ್ಲ, 1939ರ ಮೊದಲ ಟಾರ್ಚ್, ಪ್ರಯೋಗಾಲಯದಲ್ಲಿ ಮಾಡಿದ ಕೃತಕ ಮನುಷ್ಯ. ಅವನ ರಕ್ತವನ್ನು ಜಾಕ್ವಲೀನ್ ಫಾಲ್ಸ್‌ವರ್ತ್ ಅನ್ನುವ ಇಂಗ್ಲಿಷ್ ಹುಡುಗಿಗೆ ಕೊಟ್ಟಾಗ ಅವಳಿಗೆ ವೇಗದ ಶಕ್ತಿ ಬಂದು ಸ್ಪಿಟ್‌ಫೈರ್ ಆಗುತ್ತಾಳೆ. ‘ಕೃತಕ ಮನುಷ್ಯನಿಗೆ ರಕ್ತ ಎಲ್ಲಿಂದ ಬಂತಪ್ಪಾ?’ ಅಂತ ಮಗಳು ಕೇಳಿದಳು. ಲೇಖಕ ರಾಯ್ ಥಾಮಸ್‌ನನ್ನೇ ಕೇಳಬೇಕು ಅಂದೆ.

ಚಿತ್ರಗಳ ಬಗ್ಗೆ ಎಲ್ಲರೂ ಬೈಯುತ್ತಾರೆ. ಫ್ರಾಂಕ್ ರಾಬಿನ್ಸ್ ಬರೆದ ಮನುಷ್ಯರು ಕೀಲು ಸಡಿಲವಾದ ತೊಗಲುಗೊಂಬೆ ಥರ ಕೈಕಾಲು ಬೀಸುತ್ತಾರೆ, ಸುಮ್ನೆ ನಿಂತು ಮಾತಾಡುವಾಗಲೂ ಸೊಂಟ ತಿರುಚಿರುತ್ತದೆ. ಅದು ನಿಜವೇ. ಆದರೆ ಆತ ಜಾನಿ ಹಜಾರ್ಡ್ ಅನ್ನುವ ಪೈಲಟ್‌ನ ಚಿತ್ರಕಥೆಯನ್ನು 1944ರಿಂದ ಮೂರು ದಶಕಕ್ಕೂ ಮೇಲೆ ಪತ್ರಿಕೆಗಳಿಗೆ ಬರೆದವನು. ಇಲ್ಲಿನ ವಿಮಾನ, ಹಡಗು, ಮಳೆಯಲ್ಲಿ ನೆನೆದ ಲಂಡನ್ ಬೀದಿ ನೋಡಿ, ಆ ಕಪ್ಪು ಇಂಕಿಗೇ ದುಡ್ಡು ಕೊಡಬಹುದು.

ಮತ್ತೆ ಚರ್ಚಿಲ್‌ಗೆ ಬರುತ್ತೇನೆ, ಬಿಡಲು ಆಗುತ್ತಿಲ್ಲ. ಕಥೆ ನಡೆಯುವುದು ಹೆಚ್ಚಾಗಿ 1942ರಲ್ಲಿ. ಅದರ ಮರುವರ್ಷವೇ ಬಂಗಾಳದ ಬರಗಾಲ. ಸುಮಾರು 30 ಲಕ್ಷ ಜನ ಸತ್ತರು ಅನ್ನುತ್ತಾರೆ. ಧಾನ್ಯ ತರಲು ಹಡಗು ಕೊಡಿ ಅಂತ ಇಲ್ಲಿಂದ ಬೇಡಿಕೆ ಮೇಲೆ ಬೇಡಿಕೆ ಹೋದರೂ, ಅವನ ಯುದ್ಧಕಾಲದ ಮಂತ್ರಿಮಂಡಲ ಕೇಳಿದಷ್ಟು ಕೊಡಲಿಲ್ಲ. ಆ ಯುದ್ಧಕ್ಕೆ ಸುಮಾರು 25 ಲಕ್ಷ ಭಾರತೀಯರು ಸೈನಿಕರಾಗಿ ಸೇರಿದ್ದರು. ಇಷ್ಟು ಪುಟಗಳಲ್ಲಿ ನೆನಪಿನಲ್ಲಿ ಉಳಿಯುವಂಥ ಒಬ್ಬ ಭಾರತೀಯ ಸಿಪಾಯಿಯೂ ಇಲ್ಲ. ಈಜಿಪ್ಟಿಗೆ ಹೋಗಿ ಬರುತ್ತಾರೆ, ಅಲ್ಲೂ ಇಲ್ಲ! ಅಮೆರಿಕದ ಮಕ್ಕಳಿಗೆ ಬರೆದದ್ದು, ಬಿಡಿ ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡು ಮೊದಲನೇ ಸಂಪುಟ ಮುಗಿಸಿದೆ, ಎರಡನೆಯದನ್ನು ತುಂಬ ದಿನ ಮುಟ್ಟಲಿಲ್ಲ.

ಆಮೇಲೆ 26ನೇ ಸಂಚಿಕೆ ಬಂತು. ಟಾರ್ಚ್‌ನ ಜೊತೆಗಾರ ಹುಡುಗ ಟೋರೋ ಗಾಯಗೊಂಡು ಸಾಯುವ ಸ್ಥಿತಿ. ಅವನನ್ನು ಉಳಿಸಬಲ್ಲ ಸರ್ಜನ್ ಡಾಕ್ಟರ್ ಸಬುಕಿ. ತಂಡದ ಕ್ಯಾಪ್ಟನ್ ಅಮೆರಿಕಾನ ಜೊತೆಗಾರ ಹುಡುಗ ಬಕಿ ಹುಡುಕಿಕೊಂಡು ಹೋದರೆ ಆ ಡಾಕ್ಟರ್ ಇರುವುದು ಆಸ್ಪತ್ರೆಯಲ್ಲಲ್ಲ, ಮುಳ್ಳುತಂತಿಯ ಒಳಗೆ, ಯಾಕೆಂದರೆ ಅವರು ಜಪಾನಿ ಮೂಲದವರು. ಕೂಡಿಹಾಕಿದ್ದು ನಾಜಿಗಳಲ್ಲ, ಅಮೆರಿಕ. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಹೊರಡಿಸಿದ ಆದೇಶದ ನಂತರ ಸುಮಾರು 1,20,000 ಜನರನ್ನು ಹೀಗೆ ಶಿಬಿರಗಳಿಗೆ ತುಂಬಿದರು, ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಅಮೆರಿಕ ಸರ್ಕಾರ ಕಾನೂನು ಮಾಡಿ ಕ್ಷಮೆ ಕೇಳಿದ್ದು, ಬದುಕಿ ಉಳಿದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ. ಈ ಸಂಚಿಕೆ ಬಂದದ್ದು 1978ರಲ್ಲಿ. ಬಾವುಟ ಸುತ್ತಿಕೊಂಡ ಹೀರೋಗಳ ಕಥೆಯಲ್ಲಿ, ಮಕ್ಕಳಿಗೆ, ಹತ್ತು ವರ್ಷ ಮೊದಲೇ!

ಕಥೆ ಭಾಷಣ ಮಾಡುವುದಿಲ್ಲ ಅಂತಲ್ಲ, ಮಾಡುತ್ತದೆ. ಜೊತೆಗೆ ಮೂರು ದೇಶದ ಮೂವರು ಗೂಢಚಾರರು ಸಿಡಿಲು ಬಡಿದು ಒಂದೇ ಮೈಯಾದ ಏಜೆಂಟ್ ಆಕ್ಸಿಸ್ ಅನ್ನುವ ವಿಲನ್ ಬೇರೆ. ನಗು ಬರುತ್ತದೆ. ಆದರೆ ಡಾಕ್ಟರ ಮಗಳು ಗ್ವೆನಿ ಲೂ, ಅವಳ ಕಪ್ಪು ಸ್ನೇಹಿತ ಡೇವಿಡ್, ಇವರಿಬ್ಬರಿಗೂ ಶಕ್ತಿ ಬಂದು ಬಕಿ, ಟೋರೋ ಜೊತೆ ‘ಕಿಡ್ ಕಮಾಂಡೋಸ್’ ಆಗುತ್ತಾರೆ. ಅವತ್ತು ಮಗಳು ಒಂದು ಸಂಚಿಕೆಗೆ ನಿಲ್ಲಿಸಲು ಬಿಡಲಿಲ್ಲ, 28ರವರೆಗೂ ಓದಿಸಿದಳು. ಮರುದಿನ ಶಾಲೆಗೆ ಎಬ್ಬಿಸುವಾಗ ನಮ್ಮಿಬ್ಬರಿಗೂ ಬೈಗುಳ.

ಅಲ್ಲಿಂದ ಮುಂದೆ ಇಳಿಜಾರು. ಹಿಟ್ಲರ್ ಯಂತ್ರ ಇಟ್ಟುಕೊಂಡು ಗುಡುಗಿನ ದೇವರು ಥಾರ್‌ನನ್ನೇ ಭೂಮಿಗೆ ಎಳೆದು ಸ್ಟಾಲಿನ್‌ನನ್ನು ಕೊಲ್ಲಲು ಕಳಿಸುವ ಎರಡು ಸಂಚಿಕೆ ತಲೆಕೆಟ್ಟ ಮಜಾ, ಒಪ್ಪಿದೆ. ಆದರೆ ಕೊನೆಗೆ ಲೇಡಿ ಲೋಟಸ್ ಬರುತ್ತಾಳೆ, ಕಣ್ಣಲ್ಲೇ ಮಾಟ ಮಾಡುವ ಜಪಾನಿ ಹೆಂಗಸು, ನ್ಯೂಯಾರ್ಕ್‌ನಲ್ಲಿ ಅಡಗಿ ಕೂತವಳು. ಶಿಬಿರದ ಕಥೆ ಹೇಳಿದ ಸರಣಿಯೇ ಹೀಗಾ? ಜಪಾನಿಯರ ಬಗ್ಗೆ ಅಂಥ ಅನುಮಾನದಿಂದಲೇ ತಾನೆ ಡಾಕ್ಟರ್ ಸಬುಕಿಯನ್ನು ಒಳಗೆ ಹಾಕಿದ್ದು?

ನಂದು ಐದಕ್ಕೆ ಮೂರೂವರೆ. ಒಂದೇ ಸಂಪುಟಕ್ಕೆ ದುಡ್ಡಿದ್ದರೆ ಎರಡನೆಯದನ್ನು ತೆಗೆದುಕೊಳ್ಳಿ, 26ರಿಂದ 28 ಅದರಲ್ಲೇ ಇವೆ. ಬೆನ್ನಿನ ಅಂಟು ಮಾತ್ರ ನೋಡಿಕೊಳ್ಳಿ. ನನ್ನ ಪ್ರತಿ ಮಧ್ಯಕ್ಕೆ ಬಿಟ್ಟುಕೊಂಡಿತು, ಫೆವಿಕಾಲ್ ಹಾಕಿ ಮೇಲೆ ರುಬ್ಬುಗುಂಡು ಇಟ್ಟು ಒಂದು ರಾತ್ರಿ ಬಿಟ್ಟೆ, ಈಗ ಪರವಾಗಿಲ್ಲ.