ಬ್ರೇಕಿಗಿಂತ ಮೊದಲು ಕಾಲು ಹೇಳುವ ಮಾತು: ಒಂದು ಚಾನೆಲ್ ಇಎಂಜಿ ಕಿಟ್, ಚಾರ್ಮಾಡಿ ಘಾಟಿಯ ಲೆಕ್ಕದಲ್ಲಿ

ಆಕ್ಸಿಲರೇಟರ್ ಮೇಲಿರುವ ಪಾದ ಬ್ರೇಕಿಗೆ ಹೋಗಬೇಕಾದರೆ ಮೊದಲು ಮುಂಗಾಲು ಮೇಲೇಳಬೇಕು. ಅದನ್ನು ಎತ್ತುವುದು ಕಣಕಾಲಿನ ಮುಂಭಾಗದ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯು. ಪಾದ ಕದಲುವ ಮುಂಚೆಯೇ ಅಲ್ಲಿ ವಿದ್ಯುತ್ ಸಂಕೇತ ಏಳುತ್ತದೆ; ಅದನ್ನು ಅಳೆಯುವುದೇ ಇಎಂಜಿ. 2011ರಲ್ಲಿ ಬರ್ಲಿನ್ ಸಂಶೋಧಕರು ಸಿಮ್ಯುಲೇಟರ್‌ನಲ್ಲಿ ಮೆದುಳಿನ ಮತ್ತು ಸ್ನಾಯುವಿನ ಸಂಕೇತ ಸೇರಿಸಿ, ಪೆಡಲ್‌ಗಿಂತ 130 ಮಿಲಿಸೆಕೆಂಡ್ ಮೊದಲೇ ತುರ್ತು ಬ್ರೇಕಿನ ಉದ್ದೇಶ ಹಿಡಿದಿದ್ದರು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇದರಿಂದ ಉಳಿಯುವ ದೂರ ಸುಮಾರು 3.6 ಮೀಟರ್.

ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದನ್ನೇ ಪ್ರಾಜೆಕ್ಟ್ ಮಾಡಲು ಕೊಳ್ಳುವುದು ಮೂರು ಎಲೆಕ್ಟ್ರೋಡ್‌ನ (ಚರ್ಮಕ್ಕೆ ಅಂಟಿಸಿ ಸಂಕೇತ ಹಿಡಿಯುವ ಬಿಲ್ಲೆ) ಸಣ್ಣ ಸೆನ್ಸರ್ ಬೋರ್ಡ್; ಒಂದು ಚಾನೆಲ್ ಅಂದರೆ ಒಂದೇ ಸ್ನಾಯುವಿನ ಸಂಕೇತ. ಕಲಿಯಲು ಒಳ್ಳೆಯ ಸಾಮಾನು, ಕಾರಿನ ಬ್ರೇಕಿಗೆ ಜೋಡಿಸಲು ಅಲ್ಲ.

ಅಂಟಿಸುವ ಜಾಗದಲ್ಲೇ ಅರ್ಧ ಫಲಿತಾಂಶ ಇದೆ. ಬಲಗಾಲಿನ ಮೊಣಕಾಲ ಕೆಳಗೆ, ಕಣಕಾಲಿನ ಮೇಲಿನ ಮೂರನೇ ಒಂದು ಭಾಗದಲ್ಲಿ, ಎಲುಬಿನ ಹೊರಪಕ್ಕಕ್ಕೆ ಬೆರಳಿಟ್ಟು ಮುಂಗಾಲು ಎತ್ತಿಸಿ. ಗಟ್ಟಿಯಾಗಿ ಉಬ್ಬುವ ಕಡೆ ಎರಡು ಎಲೆಕ್ಟ್ರೋಡ್, ನಡುವೆ 20 ಮಿ.ಮೀ. ಅಂತರ, ಸ್ನಾಯುವಿನ ಉದ್ದಕ್ಕೇ. ಮೂರನೆಯದು ಪಾದದ ಗಂಟಿನ ಎಲುಬಿನ ಮೇಲೆ. ಕೂದಲು ಬೋಳಿಸಿ, ಸ್ಪಿರಿಟ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು. ಬೆವರಿಗೆ ಅಂಚು ಎದ್ದರೆ ಹೊಸದು ಹಾಕಿ, ಒತ್ತಿ ಕೂರಿಸಿ ಪ್ರಯೋಜನವಿಲ್ಲ.

ಬೋರ್ಡಿನಲ್ಲಿ ಕಚ್ಚಾ ಸಂಕೇತ, ಎನ್ವಲಪ್ (ಏರಿಳಿತವನ್ನು ಸರಾಸರಿ ಮಾಡಿ ನಯಗೊಳಿಸಿದ ಗೆರೆ) ಎಂದು ಎರಡು ಔಟ್‌ಪುಟ್ ಇದ್ದರೆ ಬಹಳ ಮಂದಿ ನಯವಾಗಿ ಕಾಣುವ ಎನ್ವಲಪ್ ಅನ್ನೇ ಹಿಡಿಯುತ್ತಾರೆ. ಇಲ್ಲೇ ಎಡವಟ್ಟಾಗುವುದು. 200 ಮಿಲಿಸೆಕೆಂಡಿನ ಸರಾಸರಿ ತೆಗೆದರೆ ಸುಮಾರು 100 ಮಿಲಿಸೆಕೆಂಡ್ ಅದರಲ್ಲೇ ಕಳೆದುಹೋಗುತ್ತದೆ. ಗಳಿಸಲು ಹೊರಟದ್ದೇ ಹೆಚ್ಚುಕಡಿಮೆ ಅಷ್ಟು! ಕಚ್ಚಾ ಸಂಕೇತವನ್ನು ಸೆಕೆಂಡಿಗೆ 1000 ಸಲ ಓದಿ, 20ರಿಂದ 450 ಹರ್ಟ್ಸ್ ಮಾತ್ರ ಉಳಿಸಿ, 50 ಮಿಲಿಸೆಕೆಂಡಿನ ತುಣುಕುಗಳಲ್ಲಿ ಸಂಕೇತದ ಬಲ ಲೆಕ್ಕ ಹಾಕಿ. 20 ಹರ್ಟ್ಸ್ ಕೆಳಗಿನದು ಹೆಚ್ಚಾಗಿ ರಸ್ತೆಯ ಗುಂಡಿ ಹಾರಿದಾಗ ವೈರ್ ಅಲುಗಿ ಸೇರುವ ಕಲಬೆರಕೆ ಸಂಕೇತ. ವೈರನ್ನು ಕಾಲಿಗೇ ಟೇಪ್ ಹಾಕಿ ಬಿಗಿದರೆ ಅದೂ ಇಳಿಯುತ್ತದೆ.

ಸಂಕೇತ ಎಷ್ಟು ಏರಿದರೆ ಪಾದ ಎದ್ದಿತು ಎನ್ನಬೇಕು ಎಂಬ ಮಿತಿಯ ನಿಗದಿಗೆ ಸಾಮಾನ್ಯವಾಗಿ ಬಳಸುವ ಸೂತ್ರ, ವಿಶ್ರಾಂತಿ ಮಟ್ಟದ ಸರಾಸರಿಗೆ ಮೂರು ಪಟ್ಟು ಪ್ರಮಾಣ ವಿಚಲನೆ (ಸರಾಸರಿಯಿಂದ ಆಗುವ ಏರಿಳಿತದ ಅಳತೆ) ಕೂಡಿಸುವುದು. ಬೇಲೂರು ರಸ್ತೆಯ ನೇರ ಓಟಕ್ಕೆ ಇದು ಸಾಕು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಅದೂ ಮಂಜು ಕವಿದಿದ್ದರೆ, ಚಾಲಕರ ಪಾದ ಬ್ರೇಕ್ ಮೇಲೆ ತೇಲುತ್ತಲೇ ಇರುತ್ತದೆ; ಸ್ನಾಯುವಿಗೆ ವಿಶ್ರಾಂತಿಯೇ ಇಲ್ಲ. ಆ ಮಿತಿ ತಿರುವು ತಿರುವಿಗೂ ಸುಳ್ಳು ಎಚ್ಚರಿಕೆ ಕೊಡುತ್ತದೆ. ಮಟ್ಟದ ಬದಲು ಏರುವ ವೇಗ ನೋಡಬೇಕು, ಜೊತೆಗೆ ಮೀನಖಂಡಕ್ಕೆ ಎರಡನೇ ಚಾನೆಲ್ ಬೇಕು: ಪಾದ ಎತ್ತಿದ್ದು ಒಂದರಲ್ಲಿ, ಒತ್ತಿದ್ದು ಇನ್ನೊಂದರಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಆದ್ದರಿಂದ ಕೊಳ್ಳುವುದಾದರೆ ಎರಡು ಬೋರ್ಡ್ ಒಟ್ಟಿಗೇ ತರಿಸಿ.

ಎಲೆಕ್ಟ್ರೋಡ್ ಮೈಮೇಲಿರುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರ್ ಬೇಡ. ಪರದೆ ನೋಡುವುದು ಪಕ್ಕದ ಸೀಟಿನವರ ಕೆಲಸ.